ಕೊಡಗಿನಲ್ಲಿ ಒಕ್ಕಲು ಹೂಡಿದ ಆನಂದರಾಯರು

  

ಮೊದಲು ಒಂದು ಪ್ರಶ್ನೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಬಂದು ಬೆಂಗಳೂರಲ್ಲಿರೋ ಯೌವನಸ್ಥರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅಬ್ಬಾ, ಅರ್ಧ ಸಭೆಯೇ ಕರಾವಳಿಯದ್ದು! ಶುಕ್ರವಾರ ಸಂಜೆ ಆಯ್ತು ಅಂದ್ರೆ ನಿಮ್ಮ ಮನಸ್ಸು ಪಂಚಗಂಗಾ ರೈಲು ಹತ್ತಿರುತ್ತೆ, ಶರೀರ ಮಾತ್ರ ಪಿಜಿಯಲ್ಲಿ ಅನ್ನ-ಸಾರು ಉಣ್ತಾ ಇರುತ್ತೆ. ಊರು ಬಿಟ್ಟು ಬಂದವರ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಇವತ್ತಿನ ಸಂದೇಶ ಊರು ಬಿಟ್ಟವರ ಬಗ್ಗೆ.

ಆದಿಕಾಂಡ 12 ತೆಗೆಯಿರಿ. ಒಂದು ಬೆರಳನ್ನು 23ನೇ ಅಧ್ಯಾಯದಲ್ಲೂ ಇಟ್ಟುಕೊಳ್ಳಿ.

ಅಬ್ರಹಾಮನು ಹಾರಾನ್ ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಸತ್ತಾಗ 175. ಲೆಕ್ಕ ಹಾಕಿ, ಸರಿಯಾಗಿ ನೂರು ವರ್ಷ ಅವನು ಪರಸ್ಥಳದಲ್ಲಿ ಗುಡಾರ ಹಾಕಿಕೊಂಡು ಬಾಳಿದ. ದೇವರು ಆ ದೇಶವನ್ನೆಲ್ಲಾ ಕೊಡ್ತೀನಿ ಅಂತ ವಾಗ್ದಾನ ಮಾಡಿದ್ದ. ಆ ನೂರು ವರ್ಷದಲ್ಲಿ ಅವನು ದುಡ್ಡು ಕೊಟ್ಟು ಕೊಂಡ ಭೂಮಿ ಎಷ್ಟು? 23ನೇ ಅಧ್ಯಾಯ ನೋಡಿ. ಸಾರಳು ತೀರಿಕೊಂಡಾಗ ಹೂಣಿಡೋಕೆ ಜಾಗ ಇಲ್ಲ. ಹಿತ್ತಿಯರ ಮುಂದೆ ನಿಂತು, ಬಗ್ಗಿ ನಮಸ್ಕಾರ ಮಾಡಿ, ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಮಕ್ಪೇಲದ ಹೊಲವನ್ನೂ ಅದರ ಗವಿಯನ್ನೂ ಕೊಂಡುಕೊಂಡ. ವಾಗ್ದಾನದ ದೇಶದಲ್ಲಿ ವಿಶ್ವಾಸದ ತಂದೆಯ ಮೊದಲ ಖಾತೆ ಒಂದು ಸಮಾಧಿ! ಚೌಕಾಸಿ ಮಾಡಿದ ಹಾಗೂ ಕಾಣಲ್ಲ, ಕೇಳಿದಷ್ಟೂ ಕೊಟ್ಟುಬಿಟ್ಟ. ನಮ್ಮ ಕಡೆಯವರಾಗಿದ್ರೆ ಅರ್ಧಕ್ಕಾದ್ರೂ ಇಳಿಸ್ತಿದ್ರು, ಬಿಡಿ.

ಆಮೇಲೆ 25ರಲ್ಲಿ ಅದೇ ಗವಿಗೆ ಅವನೂ ಸೇರ್ತಾನೆ. ಹೂಣಿಟ್ಟವರು ಯಾರು? ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ. ಮನೆಯಿಂದ ಹೊರಹಾಕಿಸಿಕೊಂಡಿದ್ದ ಮಗನೂ ಬಂದು ತಂದೆಯ ಸಮಾಧಿ ಹತ್ತಿರ ನಿಂತ. ಇದನ್ನು ಮನಸ್ಸಲ್ಲಿ ಇಟ್ಕೊಳ್ಳಿ.

ಈಗ ನಮ್ಮ ನಾಡಿಗೇ ಬರ್ತೀನಿ. ಹರ್ಮನ್ ಆನಂದರಾವ್ ಕೌಂಡಿನ್ಯ. ಈ ಹೆಸರು ಕೇಳಿದವರು ಎಷ್ಟು ಜನ? ಒಬ್ಬರು, ಇಬ್ಬರು. ಬೇಜಾರು ಮಾಡ್ಕೋಬೇಡಿ, ಅಮೆರಿಕದ ಪ್ರಸಂಗಿಗಳ ಹೆಸರು ನಿಮಗೆ ಇಪ್ಪತ್ತು ಗೊತ್ತಿರುತ್ತೆ, ನಮ್ಮ ಮಂಗಳೂರಿನವರದ್ದು ಗೊತ್ತಿರಲ್ಲ.

1825ನೇ ಇಸವಿ ಮಾರ್ಚ್ 20ರಂದು ಮಂಗಳೂರಲ್ಲಿ ಹುಟ್ಟಿದವರು. ಸಾರಸ್ವತ ಬ್ರಾಹ್ಮಣ ಮನೆತನ. ಭಟ್ಕಳ ತಾಲೂಕಿನವರಿಗೆ ಶಿರಾಲಿಯ ಚಿತ್ರಾಪುರ ಮಠ ಗೊತ್ತು. ಹೊನ್ನಾವರ, ಕುಮಟಾ ಪೇಟೆಯಲ್ಲೂ ಸಾರಸ್ವತರ ಮನೆಗಳು ಗೊತ್ತು. ಓದು, ಶಿಸ್ತು, ಮಡಿ, ಮರ್ಯಾದೆ ಇರೋ ಮನೆಗಳು. ಅಂಥ ಮನೆಯ ಹುಡುಗ ಬಾಸೆಲ್ ಮಿಷನ್ ಶಾಲೆಗೆ ಇಂಗ್ಲಿಷ್ ಕಲಿಯೋಕೆ ಹೋದ. ಅಲ್ಲಿ ಹರ್ಮನ್ ಮೊಗ್ಲಿಂಗ್ ಇದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಅದೇ ಮೊಗ್ಲಿಂಗ್. ಮರುವರ್ಷ, 1844ನೇ ಇಸವಿ ಜನವರಿ 6, ಆನಂದರಾಯರು ದೀಕ್ಷಾಸ್ನಾನ ತಗೊಂಡರು. ಹದಿನೆಂಟು ವರ್ಷ. ಇಲ್ಲಿ ಕೂತಿರೋ ಪಿಯುಸಿ ಮುಗಿಸಿದ ಮಕ್ಕಳ ವಯಸ್ಸು. ಮಂಗಳೂರಲ್ಲಿ ದೊಡ್ಡ ಗದ್ದಲ ಆಯ್ತು. ಮನೆಯ ಬಾಗಿಲು ಮುಚ್ಚಿತು.

ಅವರಿಗೆ ಆಗಲೇ ಮದುವೆ ಆಗಿತ್ತು. ಆ ಕಾಲದ ಪದ್ಧತಿ. ಹೆಂಡತಿ ಅವರ ಜೊತೆ ಬರಲಿಲ್ಲ. ಈ ಭಾಗವನ್ನು ಬೇಗ ಮುಗಿಸಿ 'ಹಲ್ಲೆಲೂಯಾ' ಅಂದುಬಿಡೋ ಪ್ರಸಂಗಿಗಳು ಇದ್ದಾರೆ. ನನಗೆ ಹಾಗೆ ಮಾಡೋಕೆ ಮನಸ್ಸು ಬರಲ್ಲ. ಆ ಹೆಣ್ಣುಮಗಳು ಏನು ತಪ್ಪು ಮಾಡಿದಳು? ಅವಳಿಗೆ ತನ್ನ ಮನೆ, ತನ್ನ ಜನ ಇದ್ದರು, ಅವಳು ಅಲ್ಲೇ ನಿಂತಳು. ಯೇಸುವನ್ನು ಹಿಂಬಾಲಿಸಿದವನ ಬೆಲೆಯನ್ನು ನಾವು ಸಾಕ್ಷಿ ಕೂಟದಲ್ಲಿ ಹೇಳ್ತೀವಿ. ಹಿಂದೆ ಉಳಿದವರು ತೆತ್ತ ಬೆಲೆ ಯಾರೂ ಹೇಳಲ್ಲ. ಆನಂದರಾಯರು ಮತ್ತೆ ಮದುವೆ ಆಗಿದ್ದು 1860ರಲ್ಲಿ, ಮರಿ ರೈನ್‌ಹಾರ್ಟ್ ಅನ್ನೋ ಜರ್ಮನ್ ಸಹೋದರಿಯನ್ನು. ನಡುವೆ ಹದಿನಾರು ವರ್ಷ.

1846ರಲ್ಲಿ ಮೊಗ್ಲಿಂಗ್ ಅವರ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದರು. ಓದಿದರು, 1851ರಲ್ಲಿ ಅಭಿಷಿಕ್ತ ಸೇವಕರಾಗಿ ತಿರುಗಿ ಬಂದರು, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಇಲ್ಲಿವರೆಗೂ ಒಳ್ಳೆಯ ಬಯೋಡಾಟಾ. ಫಾರಿನ್ ರಿಟರ್ನ್, ಬೋಧಕ, ಗೌರವ. ಇಷ್ಟೇ ಆಗಿದ್ರೆ ಇವತ್ತು ನಾನು ಅವರ ಬಗ್ಗೆ ಮಾತಾಡ್ತಾ ಇರಲಿಲ್ಲ.

ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನಲ್ಲಿ ಸುವಾರ್ತೆ ಸಾರಿದರು. ಅಲ್ಲಿ ಬಂದು ಕೇಳಿದವರಲ್ಲಿ ಅಂದು ಹೊಲೆಯರು ಅಂತ ಕರೆಸಿಕೊಂಡ ಜನ ಇದ್ದರು. ಅವರ ಸ್ಥಿತಿ ಏನು ಗೊತ್ತಾ? ತಲೆತಲಾಂತರದ ಜೀತ. ಗದ್ದೆ ಕೈ ಬದಲಾದರೆ ಗದ್ದೆಯ ಜೊತೆಗೆ ಆಳುಗಳೂ ಕೈ ಬದಲಾಗ್ತಿದ್ದರು. ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂತ ಕಂಪನಿ ಸರ್ಕಾರ 1843ರಲ್ಲೇ ಹೇಳಿತ್ತು. ಕಾಗದ ಒಂದು ಹೇಳುತ್ತೆ, ಗದ್ದೆಯ ಬದು ಇನ್ನೊಂದು ಹೇಳುತ್ತೆ. ಇವರು ಯೇಸುವನ್ನು ನಂಬಿ ಒಡೆಯನ ಮನೆಯಿಂದ ಹೊರಗೆ ಬಂದರೆ ಮಲಗೋಕೆ ಸೂರು ಇಲ್ಲ, ಉಣ್ಣೋಕೆ ಗಂಜಿ ಇಲ್ಲ. ದೀಕ್ಷಾಸ್ನಾನ ಕೊಟ್ಟು, ಪ್ರಾರ್ಥನೆ ಮಾಡಿ, 'ಹೋಗಿ ಬನ್ನಿ, ದೇವರು ಆಶೀರ್ವದಿಸಲಿ' ಅಂತ ಎಲ್ಲಿಗೆ ಕಳಿಸ್ತೀರಿ?

ಆಗ ಆನಂದರಾಯರು ತಮ್ಮ ಸ್ವಂತ ಹಣ ಹಾಕಿ, ಅಮ್ಮತ್ತಿ ಹತ್ತಿರ ಜಮೀನು ಮಾಡಿ, ಆ ಜನರನ್ನು ಅಲ್ಲಿ ಒಕ್ಕಲು ಇರಿಸಿದರು. ಅದೇ ಆನಂದಪುರ. ಇವತ್ತಿಗೂ ಆ ಊರು ಇದೆ. ಮಡಿಕೇರಿಗೆ ಹೋಗಿ ಸೆಲ್ಫಿ ತೆಗೆಸಿಕೊಂಡು ಬರ್ತೀರಲ್ಲ, ಮುಂದಿನ ಸಲ ಸ್ವಲ್ಪ ಆ ಕಡೆ ಗಾಡಿ ತಿರುಗಿಸಿ.

ಆ ಕಾಲ ಎಂಥದ್ದು ಅಂತ ಯೋಚನೆ ಮಾಡಿ. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಗಿತ್ತು. ಕೊಡಗಿನ ಮಣ್ಣಿಗೆ ದುಡ್ಡಿನ ವಾಸನೆ ಬಂದ ಕಾಲ. ಓದಿದವನಿಗೆ, ಬಿಳಿಯರ ಪರಿಚಯ ಇದ್ದವನಿಗೆ, ಕೈಯಲ್ಲಿ ಸ್ವಲ್ಪ ಹಣ ಇದ್ದವನಿಗೆ ತೋಟದ ಸಾಹುಕಾರ ಆಗೋದು ಕಷ್ಟ ಇರಲಿಲ್ಲ. ಅವರು ಆ ಹಣದಲ್ಲಿ ಬೇರೆಯವರಿಗೆ ಊರು ಮಾಡಿದರು. ಅದೂ ಯಾರಿಗೆ? ತಾನು ಹುಟ್ಟಿದ ಮನೆಯಲ್ಲಿ ಯಾರ ನೆರಳೂ ಬೀಳಬಾರದು ಅಂತ ಕಲಿಸಿದ್ದರೋ ಅವರಿಗೆ. ಅವರ ಜೊತೆ ಒಂದೇ ಪಾತ್ರೆಯಿಂದ ಕರ್ತನ ಭೋಜನ. ಮಂಗಳೂರಲ್ಲಿ ಮನೆಯ ಬಾಗಿಲು ಮುಚ್ಚಿಸಿಕೊಂಡ ಹುಡುಗನೇ ಕೊಡಗಿನಲ್ಲಿ ಬಾಗಿಲೇ ಇಲ್ಲದವರಿಗೆ ಬಾಗಿಲು ಮಾಡಿಕೊಟ್ಟ. ದೇವರಿಗೆ ಸ್ತೋತ್ರ ಹೇಳಿ!

ಕೆಲವರು ಮನಸ್ಸಲ್ಲೇ ಕೇಳ್ತಾ ಇದ್ದೀರಿ, 'ಪಾಸ್ಟರ್, ಅವರು ನಮ್ಮ ಪೆಂತೆಕೋಸ್ತ್‌ನವರಾ?' ಅಲ್ಲಪ್ಪ. ಅಜೂಸಾ ಬೀದಿಯ ಉಜ್ಜೀವನ 1906ರಲ್ಲಿ. ಅಷ್ಟೊತ್ತಿಗೆ ಆನಂದರಾಯರು ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ಆದರೆ ಅಪೊಸ್ತಲರ ಕೃತ್ಯಗಳು 10 ಓದಿ. ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮನು ಇಳಿದು ಬಂದಾಗ ಅವರು ಅನ್ಯಭಾಷೆ ಆಡಿದರು, ಅದು ನಮಗೆ ಬಾಯಿಪಾಠ. ಅದರ ಕೊನೆಯಲ್ಲಿ ಏನಾಯ್ತು? ಪೇತ್ರನು ಅವರ ಮನೆಯಲ್ಲೇ ಕೆಲವು ದಿನ ಉಳಿದ. 11ಕ್ಕೆ ಬನ್ನಿ, ಯೆರೂಸಲೇಮಿನವರು ಜಗಳ ತೆಗೆದದ್ದು ಅನ್ಯಭಾಷೆಗಲ್ಲ. ಅವರ ಜೊತೆ ಊಟ ಮಾಡಿದೆಯಲ್ಲ ಅಂತ! ಮುಂದೆ ಅದೇ ಪೇತ್ರ ಅಂತಿಯೋಕ್ಯದಲ್ಲಿ ಏನು ಮಾಡಿದ? ಗಲಾತ್ಯ 2. ಯಾಕೋಬನ ಕಡೆಯವರು ಬಂದ ತಕ್ಷಣ ಊಟದ ಸಾಲಿನಿಂದ ಮೆಲ್ಲಗೆ ಎದ್ದುಹೋದ. ಪೆಂತೆಕೋಸ್ತ್ ದಿನದ ಪ್ರಸಂಗಿ ಅವನು. ಅವನೇ ಎದ್ದುಹೋದ. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದ.

ಈ ಸಭೆಯಲ್ಲಿ ಊಟದ ಸಾಲಿನಿಂದ ಯಾರೂ ಎದ್ದುಹೋಗಲ್ಲ, ನನಗೆ ಗೊತ್ತು. ಬಿರಿಯಾನಿ ಇದ್ದಾಗಂತೂ ಇಲ್ಲವೇ ಇಲ್ಲ. ನಾವು ಎದ್ದುಹೋಗೋದು ಬೇರೆ ಕಡೆ. ಯುವಕರ ಕ್ಯಾಂಪಲ್ಲಿ ಕೈ ಹಿಡಿದು ಪ್ರಾರ್ಥನೆ ಮಾಡಿರ್ತೀರಿ. ಮದುವೆ ಮಾತು ಬಂತು ಅನ್ನಿ, ಊರಿಂದ ಅಮ್ಮ ಫೋನ್ ಮಾಡ್ತಾರೆ: 'ಹುಡುಗಿ ವಿಶ್ವಾಸಿ ಸರಿ ಮಗಾ, ಅವರು ಮೊದಲು ಯಾವ ಪೈಕಿ?' ನಾವು ಏನು ಹೇಳ್ತೀವಿ? 'ಅಮ್ಮ ಹೇಳಿದ್ದಾರೆ, ದೇವರ ಚಿತ್ತ ಇಲ್ಲ ಅನ್ಸುತ್ತೆ.' ದೇವರ ಹೆಸರನ್ನು ಯಾಕಪ್ಪಾ ಇದಕ್ಕೆ ಎಳೀತೀರಿ? ಈ ಒಂದು ವಿಷಯಕ್ಕೆ ಸಭೆ ಬಿಟ್ಟುಹೋದ ಮಕ್ಕಳನ್ನು ನಾನು ನೋಡಿದ್ದೀನಿ. ಒಳ್ಳೆಯ ಮಕ್ಕಳು. 'ಪಾಸ್ಟರ್, ಹೊರಗಿನವರು ನೇರವಾಗಿ ಕೇಳ್ತಾರೆ, ನೀವು ಪ್ರಾರ್ಥನೆ ಮಾಡಿ ಕೇಳ್ತೀರಿ' ಅಂದಳು ಒಬ್ಬ ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪ ಅಮ್ಮನನ್ನು ಧಿಕ್ಕರಿಸಿ ಅಂತ ನಾನು ಹೇಳ್ತಾ ಇಲ್ಲ. ಅವರಿಗೆ ಊರಲ್ಲಿ ನಾಲ್ಕು ಜನರ ಮುಂದೆ ಬಾಳಬೇಕು. ಆನಂದರಾಯರ ಹೆಂಡತಿಯ ವಿಷಯ ಅಷ್ಟು ಹೊತ್ತು ಹೇಳಿದ್ದು ಅದಕ್ಕೇ. ಅವರ ಜೊತೆ ಕೂತು ಮಾತಾಡಿ, ಅತ್ತರೆ ಜೊತೆಗೆ ಅಳಿ, ಟೈಮ್ ಕೊಡಿ. ಇಷ್ಮಾಯೇಲನೂ ಒಂದು ದಿನ ಬಂದು ನಿಂತನಲ್ಲ. ಆದರೆ ಎದ್ದುಹೋಗಬೇಡಿ.

1893ನೇ ಇಸವಿ ಫೆಬ್ರವರಿ 1. ಆನಂದರಾಯರು ಕರ್ತನಲ್ಲಿ ನಿದ್ರೆ ಹೋದರು. ಅರವತ್ತೇಳು ವರ್ಷ. ಹುಟ್ಟಿದ್ದು ಸಮುದ್ರದ ದಡದಲ್ಲಿ, ಕೊನೆಯ ಉಸಿರು ಕೊಡಗಿನ ಬೆಟ್ಟದಲ್ಲಿ. ಅಬ್ರಹಾಮನಿಗೆ ಸಿಕ್ಕಿದ ಹಾಗೆ ಅವರಿಗೂ ಪರಸ್ಥಳದ ಮಣ್ಣೇ ಸಿಕ್ಕಿತು. ತಮ್ಮ ಹೆಸರಿನ ಊರಲ್ಲಿ ಆಗಲೇ ಜೀತ ಬಿಟ್ಟವರ ಮಕ್ಕಳು ಬೆಳೆದಿದ್ದರು.

ಈಗ ಎಲ್ಲರೂ ಮೊಬೈಲ್ ತೆಗೀರಿ. ಹೌದು, ಪ್ರಾರ್ಥನೆಗೆ ಮುಂಚೆ, ನಾನೇ ಹೇಳ್ತಾ ಇದ್ದೀನಿ. ಮದುವೆಗೆ ಅಂತ ಮನೆಯಲ್ಲಿ ಮಾಡಿಸಿದ ಬಯೋಡಾಟಾ ನಿಮ್ಮ ವಾಟ್ಸಾಪಲ್ಲಿ ಇರುತ್ತೆ. ಹೆಸರು, ಎತ್ತರ, ಸಂಬಳ, ಅದರ ಕೆಳಗೆ 'ಜಾತಿ' ಅಂತ ಒಂದು ಸಾಲು. ಆ ಸಾಲನ್ನು ಅಳಿಸಿ. ಇವತ್ತು ಆಗಲ್ಲ, ಮೊದಲು ಮನೆಯಲ್ಲಿ ಮಾತಾಡಬೇಕು ಅನ್ನೋರು ಕೂಟ ಮುಗಿದ ಮೇಲೆ ಉಳೀರಿ. ನಾನೂ ಅಕ್ಕನೂ ನಿಮ್ಮ ಜೊತೆ ಕೂರ್ತೀವಿ. ಬೇಕಾದ್ರೆ ಭಟ್ಕಳಕ್ಕೋ ಕುಮಟೆಗೋ ನಿಮ್ಮ ಮನೆಗೇ ಬರ್ತೀವಿ. ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.