ಕಲ್ಪಿತಕಥೆಯೂ ಧರ್ಮತತ್ತ್ವವೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸದ್ಭಕ್ತರ ಮನೆಗಳಲ್ಲಿಯೂ ಇಂದು ಮಕ್ಕಳ ಕೈಗೆ ಆಂಗ್ಲಭಾಷೆಯ ಅದ್ಭುತಕಥೆಗಳು ಬರುತ್ತಿವೆ. ಅವುಗಳಲ್ಲಿ ಕೆಲವು ಕ್ರೈಸ್ತತತ್ತ್ವವನ್ನು ಗರ್ಭೀಕರಿಸಿಕೊಂಡಿವೆಯೆಂದು ತಿಳಿದಾಗ ಹಿರಿಯರಿಗೆ ಶಂಕೆಯುಂಟಾಗುವುದು ಸಹಜ. ಕಲ್ಪಿತಕಥೆಯಿಂದ ಧರ್ಮಬೋಧೆ ಯುಕ್ತವೇ? ಪರಮತದ ಕಥೆಯನ್ನೋದಿದರೆ ಸ್ವಧರ್ಮನಿಷ್ಠೆ ಸಡಿಲುವುದೇ? ಇವೆರಡೂ ವಿಚಾರಣೀಯ.

ಮೊದಲನೆಯದಕ್ಕೆ ಶಿವಕವಿಗಳೇ ಉತ್ತರವಿತ್ತಿದ್ದಾರೆ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯಲ್ಲಿ ಅನುರಕ್ತನಾಗಿ, ಆಕೆಯ ಮರಣದಿಂದ ಶೋಕತಪ್ತನಾಗಿ ಅಲೆಯುತ್ತಾನೆ. 15ನೆಯ ಶತಮಾನದ ಚಾಮರಸನು 25 ಗತಿಗಳ ‘ಪ್ರಭುಲಿಂಗಲೀಲೆ’ಯಲ್ಲಿ ಈ ವೃತ್ತಾಂತವನ್ನೇ ಮಾರ್ಪಡಿಸಿದನು. ಅಲ್ಲಿ ಅಲ್ಲಮನು ನಿರಹಂಕಾರ-ಸುಜ್ಞಾನಿಯರ ಮಗ. ಬನವಸೆಯ ಅರಸ ಮಮಕಾರ ಮತ್ತು ಮೋಹಿನಿಯರ ಮಗಳು ಮಾಯೆ. ಆತನು ಮದ್ದಳೆ ಬಾರಿಸುತ್ತಾನೆ, ಆಕೆ ನರ್ತಿಸುತ್ತಾಳೆ. ಆದರೂ ಆಕೆಯ ಕೈಗೆ ಆತನು ಸಿಕ್ಕುವುದಿಲ್ಲ. ಮಮಕಾರನೆಂಬ ಅರಸನು ನಿಜವಾಗಿ ಆಳಿದನೇ ಎಂದು ಪುರಾಣ ಕೇಳುವ ಭಕ್ತರು ವಿಚಾರಿಸುವುದಿಲ್ಲ. ತಮ್ಮೊಳಗಿನ ಮಮಕಾರವನ್ನು ಗುರುತಿಸಿಕೊಂಡರೆ ಕಥೆ ಸಾರ್ಥಕವಾಯಿತು.

ಆಂಗ್ಲ ಲೇಖಕರದೂ ಇದೇ ಮಾರ್ಗ. ಸಿ. ಎಸ್. ಲೂಯಿಸನು 1950ರಲ್ಲಿ ಪ್ರಕಟಿಸಿದ ನಾರ್ನಿಯಾ ಲೋಕದ ಕಥೆಯಲ್ಲಿ ಎಡ್ಮಂಡನೆಂಬ ಬಾಲಕನು ಮಾಟಗಾತಿಯ ಸಿಹಿತಿಂಡಿಗೆ ಮರುಳಾಗಿ ಒಡಹುಟ್ಟಿದವರಿಗೆ ದ್ರೋಹವೆಸಗುತ್ತಾನೆ. ಅವನಿಗೆ ಬದಲಾಗಿ ಆಸ್ಲನ್ ಎಂಬ ಸಿಂಹವು ಪ್ರಾಣವನ್ನೊಪ್ಪಿಸಿ ಪುನಃ ಜೀವಿಸುತ್ತದೆ. ಕ್ರಿಸ್ತನ ಬಲಿದಾನ ಮತ್ತು ಪುನರುತ್ಥಾನಗಳ ಛಾಯೆ ಇಲ್ಲಿ ಸ್ಪಷ್ಟ. ಲೂಯಿಸನ ಮಿತ್ರ, ಕ್ಯಾಥೊಲಿಕ್ ಶ್ರದ್ಧೆಯ ಟೋಲ್ಕಿನನು 1954-55ರಲ್ಲಿ ಪ್ರಕಟಿಸಿದ ಉಂಗುರದ ಮಹಾಕಥೆಯಲ್ಲಾದರೋ ಮತವು ಗುಪ್ತಗಾಮಿನಿ. ಫ್ರೋಡೊ ಎಂಬವನು ಅಧಿಕಾರದ ಉಂಗುರವನ್ನು ಅಗ್ನಿಗೆಸೆಯಲು ಬಹುಕಷ್ಟದಿಂದ ಬಂದು, ಕಡೆಯ ಗಳಿಗೆಯಲ್ಲಿ ಅದನ್ನು ತ್ಯಜಿಸಲಾರದೆ ಹೋಗುತ್ತಾನೆ. ಹಿಂದೆ ಕನಿಕರದಿಂದ ಕೊಲ್ಲದೆ ಬಿಟ್ಟ ಗೊಲ್ಲಮನು ಅದನ್ನು ಕಸಿದುಕೊಂಡು ಬೆಂಕಿಗೆ ಬೀಳಲು, ಲೋಕವು ಉಳಿಯುತ್ತದೆ. ದಯೆಯ ಫಲ ಹೀಗೆ ಒದಗಿತು.

ಸಿಹಿಯ ಆಸೆಯೂ ಉಂಗುರದ ವ್ಯಾಮೋಹವೂ ಮಾಯೆಯ ನಾಮಾಂತರಗಳಷ್ಟೆ. ದಯೆಯೇ ಧರ್ಮಕ್ಕೆ ಮೂಲವೆಂದು ನಂಬಿದವರಿಗೆ ಗೊಲ್ಲಮನ ಪ್ರಸಂಗವೂ ಪರಕೀಯವಲ್ಲ. ಆದರೆ ಒಬ್ಬನ ಪಾಪಕ್ಕೆ ಮತ್ತೊಬ್ಬನು ಪ್ರಾಣ ತೆರುವಲ್ಲಿ ಶರಣಪಥವು ಬೇರೆಯಾಗುತ್ತದೆ. ಗುರುಕಾರುಣ್ಯವು ದಾರಿ ತೋರುತ್ತದೆ. ಪಶ್ಚಾತ್ತಾಪದಿಂದ ಬೆಂದು, ಸದಾಚಾರದಿಂದ ಆ ದಾರಿಯಲ್ಲಿ ನಡೆಯಬೇಕಾದವನು ತಪ್ಪಿದವನೇ.

ಈ ಸಾಮ್ಯವನ್ನೂ ಈ ಭೇದವನ್ನೂ ತಾನೇ ಕಂಡುಕೊಳ್ಳಬಲ್ಲ ಮಗುವಿನ ನಿಷ್ಠೆ ಓದಿನಿಂದ ದೃಢವಾಗುತ್ತದೆ. ಅಲ್ಲಮನ ಕಥೆಯನ್ನೇ ಕೇಳದ ಮಗುವಿಗೆ ಹೋಲಿಸಿ ನೋಡಲು ಏನಿದೆ? ಆ ಕೊರತೆಯ ಹೊಣೆಯನ್ನು ಪರಭಾಷೆಯ ಪುಸ್ತಕದ ಮೇಲೆ ಹೊರಿಸಲಾಗದು. ಆದುದರಿಂದ ತಂದೆತಾಯಿಗಳು ಪುಸ್ತಕವನ್ನು ಬಚ್ಚಿಡದೆ, ಸಂಜೆಯ ಲಿಂಗಪೂಜೆಯಾದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಬನವಸೆಯ ಮಾಯೆಯ ಕಥೆಯನ್ನು ಹೇಳಲಿ. ಎಡ್ಮಂಡನನ್ನು ಹಿಡಿದ ಮಾಯೆ ಯಾವುದೆಂದು ಅನಂತರ ಅವರನ್ನೇ ಕೇಳಲಿ.