ಎಚ್ಚರವೆಂದರೆ ಯಾವುದು?

ಗರಗಸದ ಯಂತ್ರದಲ್ಲಿ ಮರ ಕೊಯ್ಯುವ ಬಡಗಿಯ ಬೆರಳು ತುಂಡಾದರೆ, ಕಂಡವರು ಆಡುವ ಮೊದಲ ಮಾತು "ಎಚ್ಚರ ತಪ್ಪಿದ" ಎಂಬುದು. ಈ ಮಾತು ಸುಳ್ಳಲ್ಲ, ಪೂರ್ಣಸತ್ಯವೂ ಅಲ್ಲ. ಎಚ್ಚರ ತಪ್ಪುವುದು ಮನುಷ್ಯಸ್ವಭಾವವಾಗಿರುವಾಗ, ಅದೊಂದನ್ನೇ ನಂಬಿ ಅವನನ್ನು ಯಂತ್ರದ ಮುಂದೆ ನಿಲ್ಲಿಸುವುದು ಧರ್ಮವೇ ಎಂಬುದು ವಿಚಾರಣೀಯವಾಗಿದೆ.

ಮೇಜಿಗೆ ಅಳವಡಿಸಿದ 10 ಅಂಗುಲದ ಗರಗಸಚಕ್ರ ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತದೆ. ಅದರ ಹಲ್ಲು ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಹಿಂದೆಗೆಯಲು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿದರೂ ಅಷ್ಟರಲ್ಲಿ ಹಲ್ಲು 10 ಮೀಟರ್ ಓಡಿರುತ್ತದೆ. ಆದುದರಿಂದ ಅಪಾಯ ಕಂಡ ಮೇಲಿನ ಎಚ್ಚರ ಎಚ್ಚರವೇ ಅಲ್ಲ. ಕೊಯ್ದ ಸೀಳು ಕೂಡಿಕೊಂಡು ಚಕ್ರವನ್ನು ಹಿಡಿದರೆ ಹಲಗೆ ಬಡಗಿಯತ್ತಲೇ ಚಿಮ್ಮುತ್ತದೆ. ಅದಕ್ಕಾಗಿಯೇ ಚಕ್ರದ ಹಿಂದೆ ಸೀಳು ಕೂಡದಂತೆ ತಡೆಯುವ ಅಲಗು, ಮೇಲೆ ಮುಚ್ಚಳ, ಸಣ್ಣ ತುಂಡುಗಳನ್ನು ನೂಕಲು ಕೋಲು. ಕೈಗವಸು ರಕ್ಷೆಯಂತೆ ತೋರಿದರೂ ಹಲ್ಲಿಗೆ ಸಿಕ್ಕಿ ಕೈಯನ್ನೇ ಒಳಗೆಳೆಯಬಲ್ಲದು.

ಹೊಸಬನಿಗೆ ಭಯವೇ ಕಾವಲು. ಪಳಗಿದವನಿಗೆ ಆ ಕಾವಲೂ ಇರುವುದಿಲ್ಲ. "ನನ್ನ ಕೈ ನನಗೆ ಗೊತ್ತು" ಎಂದು ಅವನು ಮುಚ್ಚಳವನ್ನು ಬಿಚ್ಚಿಡುತ್ತಾನೆ. ಅಭ್ಯಾಸವು ಕೌಶಲವನ್ನು ಕೊಡುವಂತೆ ಮರೆವನ್ನೂ ಕೊಡುತ್ತದೆ.

ಹಾಗಾದರೆ ಹೊಣೆ ಅವನೊಬ್ಬನದೇ? ಭೌತವಿಜ್ಞಾನವನ್ನೂ ಕಾನೂನನ್ನೂ ಬಲ್ಲ ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಚರ್ಮ ತಗುಲಿದೊಡನೆ ಅದರ ವಿದ್ಯುದ್ವಾಹಕ ಗುಣವನ್ನು ಗುರುತಿಸಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಅಲ್ಯುಮಿನಿಯಂ ತುಂಡೊಂದು ಚಕ್ರವನ್ನು ಕಚ್ಚಿ ನಿಲ್ಲಿಸುತ್ತದೆ. ಅವರು ತಮ್ಮ ಬೆರಳನ್ನೇ ಒಡ್ಡಿ ಇದನ್ನು ಪರೀಕ್ಷಿಸಿದರು. ದೊಡ್ಡ ತಯಾರಕರು ಅಂಗೀಕರಿಸದಿರಲು, 2003ರಲ್ಲಿ ಇಂಥ ರಕ್ಷಣೆಯನ್ನು ಕಡ್ಡಾಯಗೊಳಿಸಬೇಕೆಂದು ಅಲ್ಲಿಯ ಸರ್ಕಾರಿ ಆಯೋಗಕ್ಕೆ ಅರ್ಜಿ ಸಲ್ಲಿಸಿದರು. ಬೆಲೆ ಏರುತ್ತದೆ, ಪೇಟೆಂಟು ಒಬ್ಬರ ಕೈಯಲ್ಲಿದೆ ಎಂಬ ಆಕ್ಷೇಪಗಳು ಬಂದವು. ಅವು ಹುರುಳಿಲ್ಲದವಲ್ಲ. ಆದರೂ ತಡೆಯಬಲ್ಲ ಗಾಯವನ್ನು ತಡೆಯದೆ, ಗಾಯಗೊಂಡವನನ್ನೇ ಅಜಾಗರೂಕನೆನ್ನಲು ನಮಗೆ ಅಧಿಕಾರವೆಲ್ಲಿದೆ?

ನಮಗೆ ತೋರುವುದಿಷ್ಟು. ತನ್ನ ಮನಸ್ಸು ಒಂದಲ್ಲ ಒಂದು ಗಳಿಗೆಯಲ್ಲಿ ಜಾರುವುದೆಂದು ಮೊದಲೇ ಒಪ್ಪಿಕೊಂಡು, ಆ ಗಳಿಗೆಗೆ ತಡೆಯನ್ನು ಕಟ್ಟಿಡುವ ವಿನಯವೇ ನಿಜವಾದ ಎಚ್ಚರ. ಅಲಗನ್ನು ಬದಲಿಸುವ ಮುನ್ನ ವಿದ್ಯುತ್ ಸಂಪರ್ಕವನ್ನು ಕಿತ್ತಿಡುವುದೂ ಈ ವಿನಯವೇ. ಕೂಲಿಯವನಿಗೆ ಅವಸರ ಮಾಡಿ ಮುಚ್ಚಳ ತೆಗೆಸುವ ಒಡೆಯನಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ; ಏಕೆಂದರೆ ಉಳಿದ ನಿಮಿಷ ಒಡೆಯನದು, ಹೋದ ಬೆರಳು ದುಡಿಯುವವನದು. ಯಂತ್ರವನ್ನಿಟ್ಟು ಇತರರಿಂದ ದುಡಿಸುವ ಸದ್ಭಕ್ತರು, ಇದನ್ನೋದಿದ ಬಳಿಕ ಎದ್ದುಹೋಗಿ, ಮುಚ್ಚಳವು ಅದರ ಸ್ಥಾನದಲ್ಲಿದೆಯೇ ಎಂದು ನೋಡಲಿ.