ಉಳಿದ ಎಣ್ಣೆ ಎಲ್ಲಿ ಹೋಯಿತು?

ಗಾಡಿ ಕೊಳ್ಳಹೋದವನು ನಮ್ಮಲ್ಲಿ ಮೊದಲು ಕೇಳುವ ಮಾತು ಒಂದೇ: “ಲೀಟರಿಗೆ ಎಷ್ಟು ಕೊಡುತ್ತದೆ?” ಯಳವತ್ತಿಯ ರೈತನೂ ಇದನ್ನೇ ಕೇಳುತ್ತಾನೆ, ಬೆಂಗಳೂರಿನ ಸಾಹುಕಾರನೂ ಇದನ್ನೇ ಕೇಳುತ್ತಾನೆ. ಈಚೆಗೆ ಈ ಹಳೆಯ ಪ್ರಶ್ನೆಗೆ ಪುಣ್ಯದ ಬಣ್ಣವೂ ಬಂದಿದೆ. ಕಡಿಮೆ ಎಣ್ಣೆ ಕುಡಿಯುವ ಕಾರು ಕೊಂಡವನು ತನ್ನ ಹಣವನ್ನಷ್ಟೇ ಅಲ್ಲ, ಊರಿನ ಗಾಳಿಯನ್ನೂ ಕಾಪಾಡಿದನಂತೆ. 2017ರಿಂದ ನಮ್ಮ ಸರ್ಕಾರವೂ ಕಾರು ತಯಾರಿಸುವವರಿಗೆ ಇಂಧನದ ಮಿತವ್ಯಯದ ಕಟ್ಟಳೆ ವಿಧಿಸಿದೆ. ಉದ್ದೇಶ ಒಳ್ಳೆಯದೇ. ಅದು ಕೈಗೂಡುವುದೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆ ಮೋಟಾರಿಗಿಂತ ಹಳೆಯದು. ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞನು 1865ರಲ್ಲಿ ಕಲ್ಲಿದ್ದಲಿನ ಕುರಿತು ಬರೆದ ಗ್ರಂಥದಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದನು. ಜೇಮ್ಸ್ ವ್ಯಾಟನ ಉಗಿಯಂತ್ರ ಹಿಂದಿನವುಗಳಿಗಿಂತ ಎಷ್ಟೋ ಕಡಿಮೆ ಇದ್ದಲು ಬೇಡುತ್ತಿತ್ತು. ಅದರಿಂದ ಇದ್ದಲು ಉಳಿಯಬೇಕಾಗಿತ್ತು, ಉಳಿಯಲಿಲ್ಲ. ಉಗಿಯ ಕೆಲಸ ಅಗ್ಗವಾದೊಡನೆ ಗಣಿಯ ನೀರೆತ್ತುತ್ತಿದ್ದ ಯಂತ್ರ ಗಿರಣಿಗಳಿಗೂ ಬಂತು; ದೇಶ ಸುಡುವ ಇದ್ದಲು ಮೊದಲಿಗಿಂತ ಹೆಚ್ಚಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಗಾದೆ ಹೇಳುತ್ತದೆ. ಹಾಸಿಗೆಯೇ ಉದ್ದವಾದರೆ ಏನು ಮಾಡಬೇಕೆಂದು ಹೇಳುವುದಿಲ್ಲ.

ಕಾರಿನ ಮಟ್ಟಿಗೆ ಮಾತು ಅಷ್ಟು ಕಠಿಣವಲ್ಲ. ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದುದು 20 ಓಡಿದರೆ, ಅದೇ ದೂರಕ್ಕೆ ಕಾಲುಭಾಗ ಎಣ್ಣೆ ಉಳಿಯುತ್ತದೆ. ಒಡೆಯನು ಸ್ವಲ್ಪ ಹೆಚ್ಚು ತಿರುಗಾಡಿದರೂ ಉಳಿತಾಯದ ಒಂದು ಪಾಲು ನಿಂತೇ ನಿಲ್ಲುತ್ತದೆ. ಆದರೆ ಗಾಳಿ ಒಂದು ಕಾರಿನ ಲೆಕ್ಕ ನೋಡುವುದಿಲ್ಲ. 2013-14ರಲ್ಲಿ ಭಾರತ ಸುಟ್ಟ ಪೆಟ್ರೋಲು ಸುಮಾರು 171 ಲಕ್ಷ ಟನ್. 2023-24ರಲ್ಲಿ ಸುಮಾರು 372 ಲಕ್ಷ ಟನ್. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಈ ಏರಿಕೆಗೆ ಜನರ ಆದಾಯ, ನಗರಗಳ ಬೆಳವಣಿಗೆ ಮೊದಲಾದ ಕಾರಣಗಳುಂಟು. ಮಿತವ್ಯಯದ ಯಂತ್ರ ಅದನ್ನು ತಡೆಯಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು.

ಕಡಿಮೆ ಎಣ್ಣೆಯ ಹೊಗೆ ಶುದ್ಧವಾದ ಹೊಗೆಯೂ ಅಲ್ಲ. ಮಿತವ್ಯಯಕ್ಕೆ ಹೆಸರಾದ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು ಪರೀಕ್ಷೆಯಲ್ಲಿ ಮಾತ್ರ ಸಭ್ಯವಾಗಿದ್ದು, ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಮಿತಿ ಮೀರಿ ಉಗುಳುತ್ತಿದ್ದುದು 2015ರಲ್ಲಿ ಬಯಲಾಯಿತು. ನಮ್ಮಲ್ಲಿ ಇಂಧನದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿದದ್ದು 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಜಾರಿಗೆ ಬಂದುದರಿಂದ. ಯಾರದೋ ಕಾರಿನ ಮೈಲೇಜಿನಿಂದಲ್ಲ.

ಹಾಗಾದರೆ ಎಣ್ಣೆ ಉಳಿದಷ್ಟೂ ಹೆಚ್ಚು ತಿರುಗುವವರನ್ನೆಲ್ಲ ದೂರೋಣವೇ? ಇಲ್ಲಿಯೇ ನೀತಿಯ ನಿಜವಾದ ಗಂಟು ಇದೆ. ಯಳವತ್ತಿಯವನ ಮೋಟಾರುಸೈಕಲ್ಲು ಅದೇ ದುಡ್ಡಿಗೆ ಇನ್ನೂ ಹತ್ತು ಮೈಲಿ ಓಡಿದರೆ, ಅವನು ತಾಯಿಯನ್ನು ಲಕ್ಷ್ಮೇಶ್ವರದ ಆಸ್ಪತ್ರೆಗೆ ತಡಮಾಡದೆ ಕರೆದೊಯ್ದಾನು, ಮೆಣಸಿನಕಾಯಿಯ ಧಾರಣೆ ತಾನೇ ವಿಚಾರಿಸಿಕೊಂಡು ಬಂದಾನು. ಅದು ಅವನಿಗೆ ಬಹುಕಾಲ ಸಲ್ಲದೆ ಉಳಿದಿದ್ದ ಪಾಲು. ನಗರದಲ್ಲಿ ಅದೇ ಉಳಿತಾಯ, ಕೂಗಳತೆಯ ಅಂಗಡಿಗೂ ಕಾರಿನಲ್ಲಿ ಹೋಗುವ ಚಟವಾಗಬಹುದು. ಎರಡೂ ಕಡೆ ಹೊಗೆ ಒಂದೇ. ನ್ಯಾಯ ಒಂದೇ ಅಲ್ಲ. ಈ ಭೇದವನ್ನು ಯಂತ್ರ ಅರಿಯದು. ಸಮಾಜವೇ ಅರಿಯಬೇಕು.

ಅರಿಯುವ ದಾರಿ ಅಗೋಚರವೇನೂ ಅಲ್ಲ. ಸರ್ಕಾರಿ ಬಸ್ಸು ಲೀಟರಿಗೆ ಸುಮಾರು ಐದು ಕಿಲೋಮೀಟರ್ ಓಡುತ್ತದೆ, ನೋಡಿದರೆ ದುಂದುಗಾರ. ಐವತ್ತು ಜನ ಕೂತರೆ ಆ ಒಂದು ಲೀಟರು 250 ಕಿಲೋಮೀಟರಿನಷ್ಟು ಮನುಷ್ಯರ ಪಯಣವಾಗುತ್ತದೆ. ಒಬ್ಬನೇ ಕೂತ ಮಿತವ್ಯಯದ ಕಾರಿನಲ್ಲಿ ಅದು 20. ನಗರದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಬೆಲೆ ಕಟ್ಟಿ, ಆ ಹಣದಿಂದ ಹಳ್ಳಿಗೆ ಇನ್ನೊಂದು ಬಸ್ಸು ಬಿಟ್ಟರೆ ಉಳಿತಾಯಕ್ಕೆ ಒಂದು ನೆಲೆ ಸಿಕ್ಕೀತು.

ಒಳ್ಳೆಯ ಯಂತ್ರ ಬೇಡವೆಂದು ಯಾರೂ ಹೇಳಲಾರರು. ಆದರೆ ಅದನ್ನು ಕೊಂಡಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವುದು ಮೋಸ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ ಮೇಲೆ, ಉಳಿದುದು ಯಾರಿಗೆ ಸಲ್ಲಬೇಕು ಎಂದೂ ಕೇಳಬೇಕು. ಅದಕ್ಕೆ ಅಂಗಡಿಯವನು ಉತ್ತರ ಹೇಳಲಾರ.